ಎಕ್ಸೆಲ್ ಹಾಳೆಗಳಿಂದ ಡೇಟಾಬೇಸ್‌ಗೆ: ಕಚೇರಿಯ ದಾಖಲೆಗಳನ್ನು ವರ್ಗಾಯಿಸುವ ಸಮಗ್ರ ಮಾರ್ಗದರ್ಶಿ

ಯಂತ್ರಗಳ ದುರಸ್ತಿ ಮಾಡುವ ಒಂದು ಕಚೇರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗ್ರಾಹಕರ ಪಟ್ಟಿ ಒಂದು ಎಕ್ಸೆಲ್ ಕಡತದಲ್ಲಿದೆ, ಅವರ ಯಂತ್ರಗಳ ವಿವರ ಇನ್ನೊಂದರಲ್ಲಿದೆ, ದುರಸ್ತಿಯ ಲೆಕ್ಕ ಮತ್ತೊಂದರಲ್ಲಿದೆ. ಗ್ರಾಹಕರೊಬ್ಬರ ದೂರವಾಣಿ ಸಂಖ್ಯೆ ಬದಲಾದರೆ ಮೂರೂ ಕಡೆ ತಿದ್ದಬೇಕು. ಎರಡು ಕಡೆ ತಿದ್ದಿ ಮೂರನೆಯದನ್ನು ಮರೆಯುವುದು ಸಹಜ. ಆರು ತಿಂಗಳ ನಂತರ ಯಾವ ಸಂಖ್ಯೆ ಸರಿ ಎಂದು ಖಚಿತವಾಗಿ ಹೇಳಬಲ್ಲವರು ಆ ಕಚೇರಿಯಲ್ಲಿ ಯಾರೂ ಇರುವುದಿಲ್ಲ.

ಇಂತಹ ಹಾಳೆಗಳನ್ನು ಡೇಟಾಬೇಸ್‌ಗೆ, ಅಂದರೆ ಮಾಹಿತಿಯನ್ನು ನಿಯಮಬದ್ಧ ಟೇಬಲ್‌ಗಳಲ್ಲಿ ಇಡುವ ತಂತ್ರಾಂಶಕ್ಕೆ, ಸಾಗಿಸುವ ಕೆಲಸವನ್ನು ನಾನು ಹಲವು ಬಾರಿ ಮಾಡಿದ್ದೇನೆ. ತಂತ್ರಾಂಶವನ್ನು ಆರಿಸಿ ಸ್ಥಾಪಿಸುವುದಕ್ಕೆ ಹಿಡಿಯುವ ಸಮಯ ಅಲ್ಪ. ಕೆಲಸದ ಬಹುಪಾಲು ಖರ್ಚಾಗುವುದು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದರಲ್ಲಿ: ಈ ಹಾಳೆಯ ಒಂದು ಸಾಲು ಎಂದರೆ ಏನು? ಈ ಪ್ರಶ್ನೆಗೆ ಕಚೇರಿಯ ಎಲ್ಲರೂ ಒಂದೇ ಉತ್ತರ ಕೊಡುವ ಸ್ಥಿತಿ ಬಂದ ಮೇಲೆ ಉಳಿದದ್ದು ಶ್ರಮದ ಕೆಲಸವೇ ಹೊರತು ಕಠಿಣವಾದದ್ದಲ್ಲ.

ಬದಲಾವಣೆ ನಿಜಕ್ಕೂ ಬೇಕೇ ಎಂಬ ತೀರ್ಮಾನ

ಸ್ಪ್ರೆಡ್‌ಶೀಟ್ ಕೆಟ್ಟ ಸಾಧನವಲ್ಲ. ಒಬ್ಬರೇ ನೋಡಿಕೊಳ್ಳುವ ನೂರಿನ್ನೂರು ಸಾಲುಗಳ ಪಟ್ಟಿಗೆ, ಒಮ್ಮೆ ಮಾಡಿ ಮುಗಿಸುವ ಅಂದಾಜು ಲೆಕ್ಕಕ್ಕೆ ಅದಕ್ಕಿಂತ ಅನುಕೂಲವಾದದ್ದು ಇಲ್ಲ. ತೊಂದರೆ ಶುರುವಾಗುವುದು ಹಲವರು ಒಂದೇ ದಾಖಲೆಯನ್ನು ತಿದ್ದತೊಡಗಿದಾಗ, ಒಂದು ಹಾಳೆಯ ಮಾಹಿತಿಯನ್ನು ಇನ್ನೊಂದಕ್ಕೆ ವಿಲುಕಪ್ ಸೂತ್ರದಿಂದ ಎಳೆದು ತರಬೇಕಾದಾಗ, ಮತ್ತು ಕಡತದ ಹೆಸರಿನ ಕೊನೆಗೆ ‘ಅಂತಿಮ’, ‘ಅಂತಿಮ 2’, ‘ಹೊಸ ಅಂತಿಮ’ ಎಂಬ ಬಾಲಗಳು ಬೆಳೆದಾಗ. ಈ ಮೂರರಲ್ಲಿ ಎರಡು ಲಕ್ಷಣಗಳು ಕಂಡುಬಂದರೆ ತಡಮಾಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಗಾತ್ರದ ಮಿತಿಯೂ ಒಂದು ಕಾರಣವಾಗಬಹುದು. ಈಗಿನ ಎಕ್ಸೆಲ್ ಹಾಳೆಯೊಂದರಲ್ಲಿ 10,48,576 ಸಾಲುಗಳು ಹಿಡಿಯುತ್ತವೆ. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಕಡತದಲ್ಲಿ 65,536 ಮಾತ್ರ. 2020ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಹೊರಗುಳಿದದ್ದು ಈ ಹಳೆಯ ಮಾದರಿಯ ಮಿತಿ ಮೀರಿದ್ದರಿಂದಲೇ. ಸಾಲುಗಳು ಹೊರಗುಳಿದದ್ದು ಹಲವು ದಿನ ಯಾರ ಗಮನಕ್ಕೂ ಬರಲಿಲ್ಲ. ಸೋಂಕಿತರ ಸಂಪರ್ಕದಲ್ಲಿದ್ದವರಿಗೆ ಸಕಾಲದಲ್ಲಿ ಎಚ್ಚರಿಕೆ ತಲುಪಲಿಲ್ಲ.

ಇರುವ ಹಾಳೆಗಳ ಪಟ್ಟಿ ಮಾಡುವುದು

ಮೊದಲು ಕಚೇರಿಯಲ್ಲಿರುವ ಎಲ್ಲ ಕಡತಗಳನ್ನೂ ಹುಡುಕಿ ಪಟ್ಟಿ ಮಾಡಬೇಕು. ಹಂಚಿಕೊಂಡ ಫೋಲ್ಡರ್‌ನಲ್ಲಿರುವುದು ಮಾತ್ರವಲ್ಲ, ಒಬ್ಬೊಬ್ಬರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ‘ನನ್ನ ಪ್ರತಿ’ಗಳೂ ಬೇಕು, ಏಕೆಂದರೆ ನಿಜವಾದ ಮಾಹಿತಿ ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ಪ್ರತಿಯೊಂದು ಕಡತಕ್ಕೂ ಅದನ್ನು ತುಂಬುವವರು ಯಾರು, ನೋಡುವವರು ಯಾರು, ಅದರಿಂದ ಯಾವ ವರದಿ ಹೊರಡುತ್ತದೆ ಎಂದು ಬರೆದುಕೊಳ್ಳಿ.

ನಂತರ ಆ ಹಾಳೆಗಳನ್ನು ದಿನವೂ ಬಳಸುವವರ ಪಕ್ಕದಲ್ಲಿ ಕುಳಿತು ಅವರು ಕೆಲಸ ಮಾಡುವುದನ್ನು ನೋಡಬೇಕು. ಬಾಯಲ್ಲಿ ಕೇಳಿದರೆ ಸಿಗದ ಸಂಗತಿಗಳು ಹೀಗೆ ನೋಡುವಾಗ ಸಿಗುತ್ತವೆ. ಒಂದು ಕಚೇರಿಯಲ್ಲಿ ಕೆಲವು ಸಾಲುಗಳಿಗೆ ಹಳದಿ ಬಣ್ಣ ಬಳಿದಿದ್ದರು. ಕೇಳಿದಾಗ ಒಬ್ಬರು ಅದು ಹಣ ಬಾಕಿ ಇರುವ ಗುರುತು ಎಂದರು. ಇನ್ನೊಬ್ಬರು, ಗ್ರಾಹಕರಿಗೆ ಮತ್ತೆ ಕರೆ ಮಾಡಬೇಕು ಎನ್ನುವುದಕ್ಕೆ ತಾವು ಹಳದಿ ಬಳಿಯುತ್ತಿದ್ದುದಾಗಿ ಹೇಳಿದರು. ಇಬ್ಬರೂ ಎರಡು ವರ್ಷದಿಂದ ಒಂದೇ ಹಾಳೆಯಲ್ಲಿ ಕೆಲಸ ಮಾಡುತ್ತಿದ್ದರು. ಡೇಟಾಬೇಸ್‌ಗೆ ಬಣ್ಣ ತಿಳಿಯುವುದಿಲ್ಲವಾದ್ದರಿಂದ ಬಣ್ಣದ ಪ್ರತಿಯೊಂದು ಅರ್ಥಕ್ಕೂ ಪ್ರತ್ಯೇಕ ಕಾಲಂ ಬೇಕಾಗುತ್ತದೆ.

ಬಣ್ಣದಂತೆಯೇ ಸೆಲ್‌ಗೆ ಅಂಟಿಸಿದ ಟಿಪ್ಪಣಿಗಳು, ಮರೆಮಾಡಿದ ಕಾಲಂಗಳು, ಒಂದುಗೂಡಿಸಿದ ಸೆಲ್‌ಗಳು, ಷರಾ ಕಾಲಂನಲ್ಲಿ ತುರುಕಿದ ವಾಕ್ಯಗಳು ಇವೆಲ್ಲವನ್ನೂ ಗಮನಿಸಬೇಕು. ಸೂತ್ರಗಳನ್ನಂತೂ ಒಂದೊಂದಾಗಿ ತೆರೆದು ಓದಬೇಕು. ಮೂವತ್ತು ದಿನ ಮೀರಿದರೆ ಶುಲ್ಕ ಸೇರಿಸು ಎಂಬಂತಹ ನಿಯಮ ಬೇರೆಲ್ಲೂ ಬರೆದಿರುವುದಿಲ್ಲ, ಒಂದು ಸೆಲ್‌ನ ಸೂತ್ರದಲ್ಲಿ ಮಾತ್ರ ಇರುತ್ತದೆ.

ಒಂದು ಸಾಲು ಎಂದರೆ ಏನು

ಇದು ಇಡೀ ಕೆಲಸದ ತಿರುಳು. ದುರಸ್ತಿ ಕಚೇರಿಯ ಹಾಳೆಯ ತಲೆಸಾಲು ಹೀಗಿದೆ ಎಂದುಕೊಳ್ಳಿ: ಗ್ರಾಹಕರ ಹೆಸರು, ದೂರವಾಣಿ, ಯಂತ್ರ, ಸರಣಿ ಸಂಖ್ಯೆ, ಭೇಟಿ 1, ಭೇಟಿ 2, ಭೇಟಿ 3, ಷರಾ. ಇಲ್ಲಿ ಒಂದು ಸಾಲು ಒಬ್ಬ ಗ್ರಾಹಕರೋ, ಒಂದು ಯಂತ್ರವೋ, ಮೂರು ಭೇಟಿಗಳೋ? ಗ್ರಾಹಕರ ಬಳಿ ಎರಡು ಯಂತ್ರಗಳಿದ್ದರೆ ಅವರ ಹೆಸರು ಎರಡು ಸಾಲಿನಲ್ಲಿ ಬರುತ್ತದೆ. ನಾಲ್ಕನೆಯ ಭೇಟಿಯಾದರೆ ಹೊಸ ಕಾಲಂ ಸೇರಿಸಬೇಕು, ಇಲ್ಲವೇ ಷರಾದಲ್ಲಿ ಬರೆಯಬೇಕು. ಒಂದು ಹಾಳೆಯೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ.

ಇವನ್ನು ಬಿಡಿಸಿದರೆ ಮೂರು ಟೇಬಲ್‌ಗಳಾಗುತ್ತವೆ. ಗ್ರಾಹಕರ ಟೇಬಲ್‌ನಲ್ಲಿ ಒಂದು ಸಾಲು ಎಂದರೆ ಒಬ್ಬ ಗ್ರಾಹಕರು. ಯಂತ್ರಗಳ ಟೇಬಲ್‌ನಲ್ಲಿ ಒಂದು ಸಾಲು ಎಂದರೆ ಒಂದು ಯಂತ್ರ; ಅದು ಯಾವ ಗ್ರಾಹಕರದ್ದು ಎಂದು ತಿಳಿಯಲು ಗ್ರಾಹಕರ ಗುರುತಿನ ಸಂಖ್ಯೆ ಅದರಲ್ಲಿರುತ್ತದೆ. ಭೇಟಿಗಳ ಟೇಬಲ್‌ನಲ್ಲಿ ಒಂದು ಸಾಲು ಎಂದರೆ ಒಂದು ಯಂತ್ರಕ್ಕೆ ಒಂದು ದಿನ ನೀಡಿದ ಒಂದು ಭೇಟಿ. ಅದರಲ್ಲಿ ಯಂತ್ರದ ಗುರುತಿನ ಸಂಖ್ಯೆ ಇರುತ್ತದೆ. ಈಗ ಭೇಟಿ ನಾಲ್ಕಾದರೂ ನಲವತ್ತಾದರೂ ಕಾಲಂ ಹೆಚ್ಚುವುದಿಲ್ಲ, ಸಾಲುಗಳು ಮಾತ್ರ ಹೆಚ್ಚುತ್ತವೆ. ದೂರವಾಣಿ ಸಂಖ್ಯೆ ಒಂದೇ ಕಡೆ ಇರುವುದರಿಂದ ಒಂದೇ ಕಡೆ ತಿದ್ದಿದರೆ ಸಾಕು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸಂಬಂಧಾತ್ಮಕ ಮಾದರಿಯನ್ನು ಮಂಡಿಸಿದರು. ಇಂದಿನ ಬಹುತೇಕ ಕಚೇರಿ ಡೇಟಾಬೇಸ್‌ಗಳು ಅದೇ ತಳಹದಿಯ ಮೇಲೆ ನಿಂತಿವೆ.

ಪ್ರತಿ ಟೇಬಲ್‌ಗೂ ಎಂದಿಗೂ ಬದಲಾಗದ ಒಂದು ಗುರುತಿನ ಸಂಖ್ಯೆ, ಅಂದರೆ ಪ್ರೈಮರಿ ಕೀ, ಇರಬೇಕು. ಹೆಸರು, ದೂರವಾಣಿ, ಇಮೇಲ್ ಇವನ್ನು ಕೀ ಆಗಿ ಬಳಸಬೇಡಿ, ಏಕೆಂದರೆ ಇವೆಲ್ಲ ಬದಲಾಗುತ್ತವೆ. ಯಂತ್ರದ ಸರಣಿ ಸಂಖ್ಯೆಯೂ ಬೇರೆ ಬೇರೆ ತಯಾರಕರಲ್ಲಿ ಒಂದೇ ಆಗಿರುವ ಸಾಧ್ಯತೆ ಇದೆ. ಡೇಟಾಬೇಸ್ ತಾನೇ ಕೊಡುವ ಕ್ರಮಸಂಖ್ಯೆಯನ್ನು ಕೀ ಆಗಿಟ್ಟುಕೊಂಡು, ತಯಾರಕರ ಹೆಸರು ಮತ್ತು ಸರಣಿ ಸಂಖ್ಯೆಯ ಜೋಡಿ ಎರಡು ಬಾರಿ ಬರಬಾರದು ಎಂಬ ನಿಯಮವನ್ನು ಪ್ರತ್ಯೇಕವಾಗಿ ಹಾಕುವುದು ಸೂಕ್ತ.

ಒಂದು ಭೇಟಿಯಲ್ಲಿ ಹಲವು ಬಿಡಿಭಾಗಗಳು ಬಳಕೆಯಾಗಬಹುದು, ಒಂದೇ ಬಗೆಯ ಬಿಡಿಭಾಗ ಹಲವು ಭೇಟಿಗಳಲ್ಲಿ ಬಳಕೆಯಾಗಬಹುದು. ಇಂತಹ ಕಡೆ ನಡುವೆ ಇನ್ನೊಂದು ಟೇಬಲ್ ಬೇಕು. ಅದರ ಒಂದು ಸಾಲಿನಲ್ಲಿ ಯಾವ ಭೇಟಿ, ಯಾವ ಬಿಡಿಭಾಗ, ಎಷ್ಟು ಮತ್ತು ಯಾವ ಬೆಲೆಗೆ ಎನ್ನುವುದು ಇರುತ್ತದೆ. ಬೆಲೆ ಹೇಗೂ ಬಿಡಿಭಾಗಗಳ ಟೇಬಲ್‌ನಲ್ಲಿದೆ, ಇಲ್ಲಿ ಮತ್ತೆ ಏಕೆ ಎಂದು ಅನಿಸಬಹುದು. ಆದರೆ ಬಿಡಿಭಾಗಗಳ ಟೇಬಲ್‌ನಲ್ಲಿರುವುದು ಇಂದಿನ ಬೆಲೆ, ಇಲ್ಲಿರುವುದು ಅಂದು ಗ್ರಾಹಕರಿಗೆ ಹಾಕಿದ ಬೆಲೆ. ಎರಡೂ ಒಂದೇ ಎಂದು ಭಾವಿಸಿ ಈ ಕಾಲಂ ಬಿಟ್ಟರೆ, ಮುಂದೆ ಬೆಲೆ ಪರಿಷ್ಕರಿಸಿದ ದಿನ ಹಳೆಯ ಬಿಲ್‌ಗಳ ಮೊತ್ತವೂ ಬದಲಾಗಿಬಿಡುತ್ತದೆ. ಹೊಸದಾಗಿ ವಿನ್ಯಾಸ ಮಾಡುವವರು ಎಡವುವ ಜಾಗಗಳಲ್ಲಿ ಇದು ಮುಖ್ಯವಾದದ್ದು.

ಈ ಹಂತವನ್ನು ಕಾಗದದ ಮೇಲೆ ಮಾಡಿ. ಟೇಬಲ್‌ಗೊಂದು ಚೌಕ ಬರೆದು, ಅದರ ಕೆಳಗೆ ‘ಒಂದು ಸಾಲು ಎಂದರೆ ...’ ಎಂಬ ವಾಕ್ಯವನ್ನು ಪೂರ್ಣಗೊಳಿಸಿ. ವಾಕ್ಯದಲ್ಲಿ ‘ಅಥವಾ’ ಎಂಬ ಪದ ಬಂದರೆ ಆ ಟೇಬಲ್ ಇನ್ನೂ ಬಿಡಿಸಬೇಕಾದದ್ದು ಎಂದು ಅರ್ಥ. ಬರೆದದ್ದನ್ನು ಹಾಳೆಗಳನ್ನು ತುಂಬುವವರಿಗೆ ತೋರಿಸಿ, ಅವರು ಒಪ್ಪುವವರೆಗೆ ಮುಂದಿನ ಹೆಜ್ಜೆ ಇಡಬೇಡಿ.

ಯಾವ ಡೇಟಾಬೇಸ್

ಹಲವರು ಏಕಕಾಲಕ್ಕೆ ಬಳಸುವ ಕಚೇರಿಗೆ ನನ್ನ ಮೊದಲ ಆಯ್ಕೆ ಪೋಸ್ಟ್‌ಗ್ರೆಸ್‌ಕ್ಯೂಎಲ್. ಅದು ಉಚಿತ, ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಬಲ್ಲವರು ಕಚೇರಿಯಲ್ಲಿದ್ದರೆ ಅವೂ ಸಾಕು; ಕನ್ನಡ ಅಕ್ಷರಗಳ ಜೊತೆಗೆ ಎಮೋಜಿಯಂತಹ ಚಿಹ್ನೆಗಳೂ ಉಳಿಯಲು ಅಕ್ಷರ ಸಂಕೇತವನ್ನು ಯುಟಿಎಫ್8ಎಂಬಿ4 ಎಂದು ಆರಿಸಬೇಕು. ಎಸ್‌ಕ್ಯೂಲೈಟ್ ಒಂದೇ ಕಡತದಲ್ಲಿರುವ ಅಚ್ಚುಕಟ್ಟಾದ ಡೇಟಾಬೇಸ್, ಆದರೆ ಒಂದು ಕ್ಷಣಕ್ಕೆ ಒಬ್ಬರು ಮಾತ್ರ ಅದರಲ್ಲಿ ಬರೆಯಬಹುದು. ಆ ಕಡತವನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ಹಲವರು ಬರೆಯತೊಡಗಿದರೆ ಅದು ಕೆಡುವ ಅಪಾಯವಿದೆ. ಅಲ್ಲದೆ ಅದರಲ್ಲಿ ಫಾರಿನ್ ಕೀ ನಿಯಮ, ಅಂದರೆ ಒಂದು ಟೇಬಲ್ ಸೂಚಿಸುವ ಗುರುತಿನ ಸಂಖ್ಯೆ ಇನ್ನೊಂದು ಟೇಬಲ್‌ನಲ್ಲಿ ಇರಲೇಬೇಕು ಎಂಬ ನಿಯಮ, ಸಾಮಾನ್ಯವಾಗಿ ತಾನಾಗಿ ಜಾರಿಯಲ್ಲಿರುವುದಿಲ್ಲ, ಪ್ರತಿ ಸಂಪರ್ಕದಲ್ಲೂ ಆನ್ ಮಾಡಬೇಕು. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಫಾರ್ಮ್‌ಗಳನ್ನು ಸುಲಭವಾಗಿ ಮಾಡಬಹುದು, ಕಡತದ ಮಿತಿ 2 ಜಿಬಿ.

ಯಾವುದನ್ನು ಆರಿಸಿದರೂ ಮಾಹಿತಿ ತುಂಬುವವರಿಗೆ ಬೇಕಾಗುವುದು ಒಂದು ಫಾರ್ಮ್. ಬರಿಯ ಡೇಟಾಬೇಸ್ ಸ್ಥಾಪಿಸಿ ಫಾರ್ಮ್ ಕೊಡದೆ ಬಿಟ್ಟರೆ ಎಲ್ಲರೂ ವಾರದೊಳಗೆ ಎಕ್ಸೆಲ್‌ಗೆ ಮರಳುತ್ತಾರೆ, ಅದು ಅವರ ತಪ್ಪಲ್ಲ. ದಿನಕ್ಕೆ ಹೆಚ್ಚು ಬಾರಿ ಮಾಡುವ ಕೆಲಸಕ್ಕೆ, ನಮ್ಮ ಉದಾಹರಣೆಯಲ್ಲಿ ಹೊಸ ಭೇಟಿಯನ್ನು ದಾಖಲಿಸುವುದಕ್ಕೆ, ಹಾಳೆಯಲ್ಲಿ ಹಿಡಿಯುತ್ತಿದ್ದಷ್ಟೇ ಅಥವಾ ಕಡಿಮೆ ಸಮಯ ಹಿಡಿಯುವಂತೆ ಫಾರ್ಮ್ ಮಾಡಬೇಕು.

ಕಾಲಂಗಳ ಬಗೆ ಮತ್ತು ನಿಯಮಗಳು

ಹಾಳೆಯಲ್ಲಿ ಯಾವ ಸೆಲ್‌ನಲ್ಲಾದರೂ ಏನನ್ನಾದರೂ ಬರೆಯಬಹುದು. ಡೇಟಾಬೇಸ್‌ನ ಲಾಭ ಇರುವುದೇ ಅದನ್ನು ತಡೆಯುವುದರಲ್ಲಿ. ದಿನಾಂಕಕ್ಕೆ ದಿನಾಂಕದ ಬಗೆಯನ್ನೇ ಕೊಡಿ. ಹಣಕ್ಕೆ ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ನ್ಯೂಮೆರಿಕ್ ಬಗೆ ಬೇಕು, ದಶಮಾಂಶವನ್ನು ಅಂದಾಜಾಗಿ ಇಡುವ ಫ್ಲೋಟ್ ಬೇಡ, ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ದೂರವಾಣಿ ಸಂಖ್ಯೆ, ಸರಣಿ ಸಂಖ್ಯೆ, ಖಾತೆ ಸಂಖ್ಯೆ ಇವು ಅಂಕಿಗಳಿಂದ ಕೂಡಿದ್ದರೂ ಇವನ್ನು ಯಾರೂ ಕೂಡಿಸಿ ಕಳೆಯುವುದಿಲ್ಲ, ಆದ್ದರಿಂದ ಪಠ್ಯವಾಗಿ ಇಡಬೇಕು.

ಇಲ್ಲದಿರಲಾರದ ಕಾಲಂಗೆ ನಾಟ್ ನಲ್, ಅಂದರೆ ಖಾಲಿ ಬಿಡುವಂತಿಲ್ಲ ಎಂಬ ನಿಯಮ, ಹಾಕಿ. ಒಂದು ಟೇಬಲ್ ಇನ್ನೊಂದನ್ನು ಸೂಚಿಸುವ ಕಡೆಯಲ್ಲೆಲ್ಲ ಫಾರಿನ್ ಕೀ ಹಾಕಿ. ಆಗ ಇಲ್ಲದ ಗ್ರಾಹಕರ ಹೆಸರಿಗೆ ಯಂತ್ರ ಸೇರಿಸಲು, ಯಂತ್ರಗಳಿರುವ ಗ್ರಾಹಕರನ್ನು ಅಳಿಸಲು ಡೇಟಾಬೇಸ್ ಒಪ್ಪುವುದಿಲ್ಲ. ಸ್ಥಿತಿ ಸೂಚಿಸುವ ಕಾಲಂಗೆ ಒಂದು ಚಿಕ್ಕ ಟೇಬಲ್‌ನಿಂದ ಆರಿಸುವ ವ್ಯವಸ್ಥೆ ಮಾಡಿದರೆ ‘ಮುಗಿದಿದೆ’, ‘ಮುಗಿದಿದೆ.’, ‘ಪೂರ್ಣ’ ಎಂಬ ಮೂರು ರೂಪಗಳು ಹುಟ್ಟುವುದಿಲ್ಲ. ಆದರೆ ಮೊದಲ ದಿನವೇ ಹತ್ತಾರು ಕಾಲಂಗಳನ್ನು ಕಡ್ಡಾಯ ಮಾಡಬೇಡಿ. ಮಾಹಿತಿ ಕೈಯಲ್ಲಿಲ್ಲದ ಸಿಬ್ಬಂದಿ ಫಾರ್ಮ್ ಮುಂದಕ್ಕೆ ಹೋಗಲೆಂದು ಸೊನ್ನೆಯನ್ನೋ ಚುಕ್ಕಿಯನ್ನೋ ತುಂಬುತ್ತಾರೆ, ಅದು ಖಾಲಿ ಬಿಡುವುದಕ್ಕಿಂತ ಹಾನಿಕರ.

ಮಾಹಿತಿಯನ್ನು ಶುದ್ಧಗೊಳಿಸುವುದು

ಮೂಲ ಹಾಳೆಯಲ್ಲಿ ಕೈಯಿಂದ ಏನನ್ನೂ ತಿದ್ದಬಾರದು. ಎಲ್ಲ ಕಾಲಂಗಳೂ ಪಠ್ಯದ ಬಗೆಯೇ ಆಗಿರುವ, ಯಾವ ನಿಯಮವೂ ಇಲ್ಲದ ಒಂದು ತಾತ್ಕಾಲಿಕ ಟೇಬಲ್‌ಗೆ ಹಾಳೆಯನ್ನು ಇದ್ದಂತೆಯೇ ಹಾಕಿಕೊಳ್ಳಿ. ಪ್ರತಿ ಸಾಲಿಗೂ ಅದು ಬಂದ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯನ್ನು ಜೊತೆಗೆ ಇಟ್ಟುಕೊಳ್ಳಿ. ಶುದ್ಧೀಕರಣವನ್ನು ಆ ಟೇಬಲ್‌ನಿಂದ ನಿಜವಾದ ಟೇಬಲ್‌ಗಳಿಗೆ ಸಾಗಿಸುವ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಆದೇಶಗಳ ಮೂಲಕ ಮಾಡಿ, ಆ ಆದೇಶಗಳನ್ನು ಒಂದು ಕಡತದಲ್ಲಿ ಉಳಿಸಿ. ನೀವು ಸಿದ್ಧತೆ ಮಾಡುತ್ತಿರುವಾಗ ಕಚೇರಿಯ ಕೆಲಸ ನಿಲ್ಲುವುದಿಲ್ಲ, ಹಾಳೆಗಳಿಗೆ ದಿನವೂ ಸಾಲುಗಳು ಸೇರುತ್ತಿರುತ್ತವೆ. ಹೀಗಾಗಿ ಈ ಸಾಗಣೆಯನ್ನು ಐದಾರು ಬಾರಿ ಮೊದಲಿನಿಂದ ಮಾಡಬೇಕಾಗುತ್ತದೆ. ಕೈಯಿಂದ ತಿದ್ದಿದ್ದರೆ ಪ್ರತಿ ಬಾರಿಯೂ ಎಲ್ಲವನ್ನೂ ಮತ್ತೆ ತಿದ್ದಬೇಕು.

ದಿನಾಂಕಗಳ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆದಿದ್ದ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವನ್ನು, ತಿಂಗಳು ಮೊದಲು ಬರುವ ಅಮೆರಿಕದ ಕ್ರಮಕ್ಕೆ ಹೊಂದಿಸಿದ್ದ ಕಂಪ್ಯೂಟರಿನಲ್ಲಿ ಎಕ್ಸೆಲ್ ಮೂಲಕ ತೆರೆದು ಉಳಿಸಿದ್ದೆ. 05/03 ಎಂಬ ಮಾರ್ಚ್ 5 ಸದ್ದಿಲ್ಲದೆ ಮೇ 3 ಆಯಿತು. ಇಪ್ಪತ್ತೈದನೆಯ ತಿಂಗಳು ಇಲ್ಲವಾದ್ದರಿಂದ 25/03 ಪಠ್ಯವಾಗಿ ಉಳಿಯಿತು. ಪಠ್ಯವಾಗಿ ಉಳಿದವನ್ನು ಸರಿಪಡಿಸಿ, ದಿನಾಂಕವಾಗಿ ಕಂಡವನ್ನು ಸರಿಯೆಂದು ನಂಬಿದೆ. ಮೂರು ವಾರಗಳ ನಂತರ, ಇನ್ನೂ ಬಾರದ ತಿಂಗಳಲ್ಲಿ ಮುಗಿದ ಭೇಟಿಗಳು ವರದಿಯಲ್ಲಿ ಕಾಣಿಸಿಕೊಂಡಾಗ ತಪ್ಪು ತಿಳಿಯಿತು. ಹಾಳೆಯನ್ನು ಗಮನವಿಟ್ಟು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು: ಒಂದೇ ಕಾಲಂನಲ್ಲಿ ಕೆಲವು ದಿನಾಂಕಗಳು ಸೆಲ್‌ನ ಬಲಕ್ಕೂ ಕೆಲವು ಎಡಕ್ಕೂ ಅಂಟಿಕೊಂಡಿದ್ದವು. ಎಕ್ಸೆಲ್ ದಿನಾಂಕವನ್ನು ಬಲಕ್ಕೆ, ಪಠ್ಯವನ್ನು ಎಡಕ್ಕೆ ಇಡುತ್ತದೆ. ಅಂದಿನಿಂದ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವುದನ್ನು ನಿಲ್ಲಿಸಿದ್ದೇನೆ. ಎಕ್ಸೆಲ್‌ನಿಂದ ಹೊರತೆಗೆಯುವ ಮುನ್ನ ದಿನಾಂಕದ ಕಾಲಂ ಅನ್ನು ವರ್ಷ, ತಿಂಗಳು, ದಿನ ಎಂಬ ಕ್ರಮಕ್ಕೆ ಬದಲಾಯಿಸುತ್ತೇನೆ.

ಸಂಖ್ಯೆಗಳೂ ಹೀಗೆಯೇ ಕೆಡುತ್ತವೆ. ಎಕ್ಸೆಲ್ ಸಂಖ್ಯೆಯ ಆರಂಭದ ಸೊನ್ನೆಗಳನ್ನು ತೆಗೆದುಹಾಕುತ್ತದೆ, 15 ಅಂಕಿಗಳ ನಂತರದವುಗಳನ್ನು ಸೊನ್ನೆಯಾಗಿಸುತ್ತದೆ. 16 ಅಂಕಿಗಳ ಸರಣಿ ಸಂಖ್ಯೆಗಳೆಲ್ಲ ಸೊನ್ನೆಯಲ್ಲಿ ಕೊನೆಯಾಗುತ್ತಿದ್ದರೆ ಮೂಲ ಅಂಕಿ ಕಳೆದುಹೋಗಿದೆ ಎಂದೇ ತಿಳಿಯಿರಿ; ಅದನ್ನು ಯಂತ್ರದ ಮೇಲಿನ ಫಲಕ ನೋಡಿಯೇ ಮತ್ತೆ ತುಂಬಬೇಕು. ಜೀವವಿಜ್ಞಾನಿಗಳು ಕೆಲವು ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು: ಸೆಪ್ಟ್1, ಮಾರ್ಚ್1 ಎಂಬ ಸಂಕೇತಗಳನ್ನು ಎಕ್ಸೆಲ್ ದಿನಾಂಕವೆಂದು ತಿಳಿಯುತ್ತಿದ್ದುದರಿಂದ, ಹೆಸರಿಡುವ ಸಮಿತಿ ಅವನ್ನು ಸೆಪ್ಟಿನ್1, ಮಾರ್ಚ್‌ಎಫ್1 ಎಂದು ಮಾಡಿತು.

ಕನ್ನಡದಲ್ಲಿ ತುಂಬಿದ ಹಾಳೆಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಡೇಟಾಬೇಸ್‌ಗೆ ಬಂದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಅದನ್ನು ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತರಬೇಕು. ಯೂನಿಕೋಡ್ ಪಠ್ಯದಲ್ಲೂ ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಒಂದೇ ರೀತಿ ಕಾಣುವ ಎರಡು ಹೆಸರುಗಳನ್ನು ಡೇಟಾಬೇಸ್ ಬೇರೆ ಬೇರೆ ಎಂದು ಎಣಿಸುತ್ತದೆ. ಹೊರತೆಗೆಯುವಾಗ ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯನ್ನೇ ಬಳಸಿ.

ಒಬ್ಬರೇ ಗ್ರಾಹಕರು ಎರಡು ಮೂರು ಕಾಗುಣಿತಗಳಲ್ಲಿ ಇರುವುದನ್ನು ಒಂದುಗೂಡಿಸುವ ಕೆಲಸವನ್ನು ಯಂತ್ರಕ್ಕೆ ಪೂರ್ತಿ ಬಿಡಬೇಡಿ. ದೂರವಾಣಿ ಸಂಖ್ಯೆ ಒಂದೇ ಇರುವ, ಹೆಸರು ಹತ್ತಿರವಿರುವ ಜೋಡಿಗಳ ಪಟ್ಟಿ ತೆಗೆದು, ಆ ಗ್ರಾಹಕರನ್ನು ಬಲ್ಲ ಸಿಬ್ಬಂದಿಯಿಂದ ಒಂದೊಂದಕ್ಕೂ ‘ಒಬ್ಬರೇ’ ಅಥವಾ ‘ಬೇರೆ’ ಎಂದು ಗುರುತು ಹಾಕಿಸಿಕೊಳ್ಳಿ. ಈ ಪಟ್ಟಿಯೂ ಒಂದು ಟೇಬಲ್ ಆಗಿ ಉಳಿಯಲಿ, ಮುಂದಿನ ಸಾಗಣೆಯಲ್ಲಿ ಮತ್ತೆ ಬಳಕೆಗೆ ಬರುತ್ತದೆ.

ತುಂಬಿಸಿ ತಾಳೆ ನೋಡುವುದು

ಮೊದಲು ಗ್ರಾಹಕರು, ನಂತರ ಯಂತ್ರಗಳು, ಆಮೇಲೆ ಭೇಟಿಗಳು, ಕೊನೆಗೆ ಬಳಕೆಯಾದ ಬಿಡಿಭಾಗಗಳು ಎಂಬ ಕ್ರಮದಲ್ಲಿ ತುಂಬಬೇಕು. ಇಲ್ಲದಿದ್ದರೆ ಫಾರಿನ್ ಕೀ ತಡೆಯುತ್ತದೆ. ಇಡೀ ಸಾಗಣೆಯನ್ನು ಒಂದು ಟ್ರಾನ್ಸಾಕ್ಷನ್ ಒಳಗೆ, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಏನೂ ಆಗಬಾರದು ಎಂಬ ಕಟ್ಟಿನೊಳಗೆ, ಮಾಡಿದರೆ ನಡುವೆ ದೋಷ ಬಂದರೂ ಅರ್ಧ ತುಂಬಿದ ಸ್ಥಿತಿ ಉಳಿಯುವುದಿಲ್ಲ. ನಿಯಮಕ್ಕೆ ಹೊಂದದೆ ತಿರಸ್ಕೃತವಾದ ಸಾಲುಗಳನ್ನು ಕಾರಣದೊಂದಿಗೆ ಪ್ರತ್ಯೇಕ ಟೇಬಲ್‌ನಲ್ಲಿ ಇಡಿ. ಟೇಬಲ್‌ಗಳಿಗೆ ಸಾಗಿದ ಮೂಲ ಸಾಲುಗಳು ಮತ್ತು ತಿರಸ್ಕೃತವಾದ ಮೂಲ ಸಾಲುಗಳ ಮೊತ್ತ ಮೂಲ ಹಾಳೆಯ ಒಟ್ಟು ಸಾಲುಗಳಿಗೆ ಸಮನಾಗಲೇಬೇಕು.

ಸಂಖ್ಯೆ ಸರಿಹೊಂದಿದ ಮೇಲೆ ಮೊತ್ತಗಳನ್ನು ನೋಡಿ: ತಿಂಗಳುವಾರು ಬಿಲ್ ಮೊತ್ತ ಎರಡೂ ಕಡೆ ಪೈಸೆಗೆ ಪೈಸೆ ಒಂದೇ ಆಗಿರಬೇಕು. ತಿಂಗಳುವಾರು ನೋಡುವುದರಿಂದ ದಿನಾಂಕದ ತಪ್ಪೂ ಸಿಕ್ಕಿಬೀಳುತ್ತದೆ, ಒಟ್ಟು ಮೊತ್ತ ಮಾತ್ರ ನೋಡಿದರೆ ಅದು ಅಡಗಿಕೊಳ್ಳುತ್ತದೆ. ಬಳಿಕ ಇಪ್ಪತ್ತು ಗ್ರಾಹಕರನ್ನು ಕಣ್ಣುಮುಚ್ಚಿ ಆರಿಸಿ, ಅವರ ಪೂರ್ಣ ದಾಖಲೆಯನ್ನು ಹಳೆಯ ಹಾಳೆಯೊಂದಿಗೆ ಸಾಲು ಸಾಲಾಗಿ ಹೋಲಿಸಿ.

ಬದಲಾಗುವ ದಿನ

ಹಳೆಯದು ಮತ್ತು ಹೊಸದನ್ನು ಸ್ವಲ್ಪ ಕಾಲ ಜೊತೆಯಾಗಿ ನಡೆಸುವುದು ಒಳ್ಳೆಯದೇ, ಆದರೆ ಎರಡು ವಾರಕ್ಕಿಂತ ಹೆಚ್ಚು ಬೇಡ. ಎರಡು ಕಡೆ ತುಂಬುವ ಹೊರೆ ಹೊತ್ತವರು ಬೇಗ ಒಂದನ್ನು ಬಿಡುತ್ತಾರೆ, ಬಿಡುವುದು ಹೊಸದನ್ನೇ. ಕೆಲಸ ಕಡಿಮೆ ಇರುವ ಒಂದು ದಿನವನ್ನು ಮೊದಲೇ ಸಾರಿ ಹೇಳಿ. ಅಂದು ಹಾಳೆಗಳನ್ನು ಓದಲು ಮಾತ್ರ ಎಂದು ಬೀಗ ಹಾಕಿ, ಕೊನೆಯ ಸಾಗಣೆ ಮಾಡಿ, ತಾಳೆ ನೋಡಿ, ಫಾರ್ಮ್ ತೆರೆಯಿರಿ. ಹಾಳೆಗಳನ್ನು ಅಳಿಸಬೇಡಿ, ಅನುಮಾನ ಬಂದಾಗ ನೋಡಲು ಬೇಕಾಗುತ್ತವೆ. ಮೊದಲ ವಾರ ನೀವು ಫಾರ್ಮ್ ಬಳಸುವವರ ಹತ್ತಿರದಲ್ಲೇ ಇರಬೇಕು. ‘ಇದು ಎಲ್ಲಿ ಬರೆಯಬೇಕು’ ಎಂಬ ಪ್ರಶ್ನೆಗೆ ತಕ್ಷಣ ಉತ್ತರ ಸಿಗದಿದ್ದರೆ ಅದು ಹೊಸದೊಂದು ಹಾಳೆಯಲ್ಲಿ ಹೋಗಿ ಕೂರುತ್ತದೆ.

ಅನುಮತಿ, ಬ್ಯಾಕಪ್

ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಕೊಡಿ. ಅಳಿಸುವ ಅನುಮತಿ ಒಬ್ಬಿಬ್ಬರಿಗೆ ಸಾಕು. ಪ್ರತಿ ಸಾಲನ್ನು ಯಾರು ಯಾವಾಗ ತಿದ್ದಿದರು ಎಂಬ ಕಾಲಂಗಳು ಮುಖ್ಯ ಟೇಬಲ್‌ಗಳಲ್ಲಿ ಇರಲಿ. ಬ್ಯಾಕಪ್ ದಿನವೂ ತಾನಾಗಿ ಆಗಬೇಕು, ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು. ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಇನ್ನೊಂದು ಕಂಪ್ಯೂಟರಿನಲ್ಲಿ ಡೇಟಾಬೇಸನ್ನು ಮರುಸ್ಥಾಪಿಸಿ, ಹಿಂದಿನ ದಿನದ ಕೊನೆಯ ಭೇಟಿ ಅದರಲ್ಲಿದೆಯೇ ಎಂದು ನೋಡಿ. ಮರುಸ್ಥಾಪಿಸಿ ನೋಡದ ಬ್ಯಾಕಪ್‌ನಲ್ಲಿ ಏನಿದೆ ಎಂದು ಯಾರಿಗೂ ತಿಳಿದಿರುವುದಿಲ್ಲ.

ನಂತರದ ಬೇಡಿಕೆಗಳು

ಎಕ್ಸೆಲ್‌ನಲ್ಲಿ ವರದಿ ನೋಡಿ ಅಭ್ಯಾಸವಾದವರಿಗೆ ಅದನ್ನು ತಪ್ಪಿಸಬೇಕಾಗಿಲ್ಲ. ಓದಲು ಮಾತ್ರ ಅನುಮತಿಯಿರುವ ಲಾಗಿನ್ ಮೂಲಕ ಎಕ್ಸೆಲ್ ಅನ್ನು ಡೇಟಾಬೇಸ್‌ಗೆ ಜೋಡಿಸಿದರೆ ಅವರು ಪಿವೊಟ್ ಟೇಬಲ್‌ಗಳನ್ನು (ಎಕ್ಸೆಲ್‌ನ ಸಾರಾಂಶ ಪಟ್ಟಿಗಳನ್ನು) ಮೊದಲಿನಂತೆಯೇ ಮಾಡಿಕೊಳ್ಳಬಹುದು.

ತಿಂಗಳು ಕಳೆಯುವಷ್ಟರಲ್ಲಿ ಹೊಸ ಕಾಲಂ ಬೇಕೆಂಬ ಕೋರಿಕೆಗಳು ಬರುತ್ತವೆ. ಯಂತ್ರಗಳ ಟೇಬಲ್‌ಗೆ ‘ಮುಂದಿನ ಭೇಟಿಯ ದಿನಾಂಕ’ ಸೇರಿಸಿ ಎಂದು ಯಾರಾದರೂ ಕೇಳಿದರೆ ಕೂಡಲೇ ಸೇರಿಸದೆ, ಭೇಟಿ ಮುಂದೂಡಿದರೆ ಹಳೆಯ ದಿನಾಂಕ ಬೇಕೇ, ಯಾರು ಹೋಗಬೇಕೆಂದು ಬರೆಯಬೇಕೇ ಎಂದು ಕೇಳಿ ನೋಡಿ. ಹೌದು ಎಂಬ ಉತ್ತರ ಬಂದರೆ ಅದು ಯಂತ್ರದ ಗುಣವಲ್ಲ, ನಿಗದಿಯಾದ ಭೇಟಿ ಎಂಬ ಬೇರೆಯೇ ಸಂಗತಿ. ಅದಕ್ಕೆ ಹೊಸ ಟೇಬಲ್ ಮಾಡಿ, ಒಂದು ಸಾಲು ಎಂದರೆ ಒಂದು ಯಂತ್ರಕ್ಕೆ ಒಂದು ದಿನಕ್ಕೆ ನಿಗದಿ ಮಾಡಿದ ಒಂದು ಭೇಟಿ ಎಂದು ಅದರ ವಿವರಣೆಯಲ್ಲಿ ಬರೆದಿಡಿ.